ಬಯಲಿಗೆ ಬಂದ ಚಿತ್ರಕಾರರು

ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಯೂರೋಪಿನ ಚಿತ್ರಕಾರರು ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ಚೀಲ ಒಡೆಯುವುದು, ಬಣ್ಣ ಒಣಗುವುದು. ಆದುದರಿಂದ ಬಯಲಿನಲ್ಲಿ ಚಿಕ್ಕ ಅಭ್ಯಾಸಚಿತ್ರವನ್ನು ಮಾಡಿಕೊಂಡು ದೊಡ್ಡ ಪಟವನ್ನು ಮನೆಯೊಳಗೆ ಮುಗಿಸುವುದೇ ವಾಡಿಕೆಯಾಗಿತ್ತು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರನು ಹಿಂಡಿದರೆ ಬಣ್ಣ ಬರುವ ತವರದ ಕೊಳವೆಗೆ ಪೇಟೆಂಟು ಪಡೆದನು. ಇಷ್ಟು ಅಲ್ಪವಾದ ವಸ್ತುವು ಕಲೆಯ ಇತಿಹಾಸವನ್ನು ತಿರುಗಿಸಿತೆಂದರೆ ಪಂಡಿತರು ನಕ್ಕಾರು, ನಾವಂತೂ ನಂಬುತ್ತೇವೆ.

ಬಯಲು ಆನಂದವನ್ನು ಕೊಡುವಂತೆ ಕಪ್ಪವನ್ನೂ ಕೇಳುತ್ತದೆ. ಫ್ರಾನ್ಸಿನ ಕ್ಲೋದ್ ಮೊನೆಯು 1870ರಲ್ಲಿ ತ್ರೂವಿಲ್ ಕಡಲತೀರದಲ್ಲಿ ಬರೆದ ಪಟವೊಂದು ಲಂಡನ್ನಿನಲ್ಲಿದೆ. ಅದರ ಬಣ್ಣದಲ್ಲಿ ಅಂದು ಗಾಳಿ ತೂರಿದ ಮರಳು ಇಂದಿಗೂ ಅಂಟಿಕೊಂಡಿದೆ! 1885ರಲ್ಲಿ ಎತ್ರೆತಾ ಎಂಬ ಊರಿನ ಕಡಲಂಚಿನಲ್ಲಿ ಅವನು ಓಡಾಡಿದ ಬಗೆಯನ್ನು ಕಥೆಗಾರ ಮೊಪಾಸಾ ಕಣ್ಣಾರೆ ಕಂಡು ಬರೆದಿರುವನು: ಹಿಂದೆ ಐದಾರು ಪಟಗಳನ್ನು ಹೊತ್ತ ಮಕ್ಕಳು, ಒಂದೇ ನೋಟ, ಬೆಳಕು ಬದಲಾದಂತೆ ಬೇರೆ ಪಟ. ಆ ನವೆಂಬರಿನಲ್ಲಿ ಬಂಡೆಯ ಕಮಾನಿನ ಬಳಿ ಕೆಲಸದಲ್ಲಿ ಮೈಮರೆತಿದ್ದಾಗ, ಉಬ್ಬರದ ವೇಳೆಯ ಲೆಕ್ಕ ತಪ್ಪಿ, ಅಲೆಯೊಂದು ಅವನನ್ನು ಬಂಡೆಗೆ ಬಡಿದು ಸೆಳೆದೊಯ್ದಿತು. ಹೇಗೋ ಜೀವ ಉಳಿಯಿತು. ಪಟ, ಬಣ್ಣಗಳೆಲ್ಲ ಹಾಳಾದುವು. ಗ್ರಂಥಾಲಯದಲ್ಲಿ ಕುಳಿತು ಬರೆಯುವ ನಮಗೆ ಇಂಥ ಭಯವಿಲ್ಲ.

ಮರುವರ್ಷ ಅವನು ಬೆಲ್-ಈಲ್ ದ್ವೀಪಕ್ಕೆ ಹೋಗಿ, ಬಿರುಗಾಳಿಯ ಕಡಲನ್ನೇ ಎದುರಿಗಿಟ್ಟುಕೊಂಡು ಬರೆಯತೊಡಗಿದನು.