ಸಮುದ್ರಕ್ಕೊಂದು ಸರಾಸರಿ: ಡೇನಿಯಲ್ ಪೌಲಿ ಹಾಕಿದ ಲೆಕ್ಕ ಮತ್ತು ಅದರ ಮೇಲಿನ ಜಗಳ

ಮುಂಬೈನಲ್ಲಿ ಬಾಂಗಡಾ, ಸುರಮಯಿ ತಗೊಳ್ಳುವವರೇ, ಚೆನ್ನೈನಲ್ಲಿ ವಂಜರಂ ತಗೊಳ್ಳುವವರೇ, ನೀವು ನಮ್ಮ ಕರಾವಳಿಯ ಬಂಗುಡೆ, ಅಂಜಲ್ ಅನ್ನೇ ಬೇರೆ ಹೆಸರಲ್ಲಿ ಮನೆಗೆ ತರ್ತಿದ್ದೀರಿ. ಇವತ್ತು ಆ ಮೀನುಗಳ ಹಿಂದಿರುವ ಒಂದು ಲೆಕ್ಕದ ಇತಿಹಾಸ ಹೇಳ್ತೀನಿ. ನಾನು ಜೀವಶಾಸ್ತ್ರ ಓದಿದವನಲ್ಲ, ಸಾಫ್ಟ್‌ವೇರ್ ಕೆಲಸದವನು. ನನಗೆ ಈ ಕಥೆ ಹಿಡಿಸಿದ್ದು ಇದು ಡೇಟಾದ ಕಥೆ ಅನ್ನೋ ಕಾರಣಕ್ಕೆ. ಕಣ್ಣಿಗೆ ಕಾಣದ ಸಮುದ್ರವನ್ನು ಬಲೆಗೆ ಬಿದ್ದ ಮೀನಿನ ಪಟ್ಟಿಯಿಂದ ಎಷ್ಟರಮಟ್ಟಿಗೆ ತಿಳಿಯಬಹುದು? ಇಡೀ ಜಗಳ ಇರುವುದು ಇದೊಂದು ಪ್ರಶ್ನೆಯಲ್ಲಿ.

ಡೇನಿಯಲ್ ಪೌಲಿ ಹುಟ್ಟಿದ್ದು 1946ರಲ್ಲಿ, ಪ್ಯಾರಿಸ್‌ನಲ್ಲಿ. ತಾಯಿ ಫ್ರೆಂಚ್, ತಂದೆ ಅಮೆರಿಕದ ಕಪ್ಪು ಸೈನಿಕ. ಬೆಳೆದದ್ದು ಸ್ವಿಟ್ಜರ್ಲೆಂಡ್‌ನಲ್ಲಿ, ಓದಿದ್ದು ಜರ್ಮನಿಯ ಕೀಲ್‌ನಲ್ಲಿ. ಎಪ್ಪತ್ತರ ದಶಕದಲ್ಲಿ ಇಂಡೋನೇಷ್ಯಾದ ಟ್ರಾಲ್ ಮೀನುಗಾರಿಕೆಯ ಯೋಜನೆಯೊಂದರಲ್ಲಿ ಕೆಲಸ ಮಾಡಿದರು. 1979ರಲ್ಲಿ ಮನಿಲಾದ ಇಕ್ಲಾರ್ಮ್ ಸಂಸ್ಥೆ ಸೇರಿದರು.

ಅಲ್ಲಿ ಎದುರಾದ ಕಷ್ಟ ಏನು ಗೊತ್ತಾ? ಯುರೋಪಿನಲ್ಲಿ ಮೀನಿನ ವಯಸ್ಸು ತಿಳಿಯೋದು ಸುಲಭ. ಅದರ ಕಿವಿಯೊಳಗೆ ಕಲ್ಲಿನಂಥ ಪುಟ್ಟ ತುಣುಕು ಇರುತ್ತೆ. ಮರದ ಕಾಂಡದ ಹಾಗೆ ಅದರಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತೆ. ನಮ್ಮಂಥ ಬಿಸಿ ಕಡಲಿನಲ್ಲಿ ಚಳಿಗಾಲವೇ ಇಲ್ಲದ್ದರಿಂದ ಈ ಉಂಗುರ ಸ್ಪಷ್ಟವಾಗಿ ಕಾಣೋದಿಲ್ಲ. ವಯಸ್ಸು ಗೊತ್ತಿಲ್ಲದೆ ಬೆಳವಣಿಗೆಯ ಲೆಕ್ಕ ಇಲ್ಲ, ಬೆಳವಣಿಗೆಯ ಲೆಕ್ಕ ಇಲ್ಲದೆ ಎಷ್ಟು ಹಿಡಿಯಬಹುದು ಅನ್ನೋ ಅಂದಾಜೂ ಇಲ್ಲ. ಪೌಲಿ ಮತ್ತು ಅವರ ಜೊತೆಗಾರರು ಬೇರೆ ದಾರಿ ಹುಡುಕಿದರು. ಮಾರುಕಟ್ಟೆಯಲ್ಲಿ ಸ್ಕೇಲ್ ಹಿಡಿದು ಅಳೆದ ಮೀನಿನ ಉದ್ದಗಳಿಂದಲೇ ಬೆಳವಣಿಗೆ ಅಂದಾಜು ಮಾಡುವ ಎಲೆಫಾನ್ ಎಂಬ ಪ್ರೋಗ್ರಾಂ ಬರೆದರು. 1984ರಲ್ಲಿ ಪೌಲಿ ಪ್ರೋಗ್ರಾಂ ಮಾಡಬಹುದಾದ ಕ್ಯಾಲ್ಕುಲೇಟರ್‌ಗಳಿಗೆಂದೇ ಒಂದು ಕೈಪಿಡಿ ತಂದರು. ಕಂಪ್ಯೂಟರ್ ಇಲ್ಲದ ಬಡ ದೇಶದ ವಿಜ್ಞಾನಿಯೂ ಲೆಕ್ಕ ಹಾಕಲಿ ಅಂತ. ಇರುವ ಅಲ್ಪ ಡೇಟಾದಲ್ಲೇ ಕೆಲಸ ಸಾಗಿಸೋ ಈ ಅಭ್ಯಾಸ ಮುಂದೆ ಅವರ ಎಲ್ಲ ಕೆಲಸದಲ್ಲೂ ಕಾಣುತ್ತೆ.

ಈಗ ಆಹಾರ ಜಾಲಕ್ಕೆ ಬರೋಣ. ಯಾರು ಯಾರನ್ನು ತಿನ್ನುತ್ತಾರೆ ಅನ್ನೋದಕ್ಕೆ ಒಂದು ಅಂಕೆ ಕೊಡಬಹುದು. ನೀರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳದ್ದು 1ನೇ ಹಂತ. ಅದನ್ನಷ್ಟೇ ತಿನ್ನುವ ಜೀವಿ 2. ಉಳಿದವಕ್ಕೆ, ತಿಂದ ಆಹಾರದ ಸರಾಸರಿ ಹಂತಕ್ಕೆ 1 ಕೂಡಿಸೋದು. ಹಾಗಾಗಿ ಸೂಕ್ಷ್ಮ ಸಸ್ಯ, ಪುಟ್ಟ ಜೀವಿ ಎರಡನ್ನೂ ಸೋಸಿ ತಿನ್ನುವ ಬೂತಾಯಿ ಸುಮಾರು 2.5ರಲ್ಲಿ ನಿಲ್ಲುತ್ತೆ. ಮೀನನ್ನೇ ಬೇಟೆಯಾಡುವ ಅಂಜಲ್ ಸುಮಾರು 4.5ರಲ್ಲಿ. ಒಂದು ಹಂತದಿಂದ ಮೇಲಿನ ಹಂತಕ್ಕೆ ದಾಟುವ ಶಕ್ತಿ ಸರಾಸರಿ ಶೇ. 10 ಮಾತ್ರ ಅಂತ 1995ರಲ್ಲಿ ಪೌಲಿ ಮತ್ತು ವಿಲ್ಲಿ ಕ್ರಿಸ್ಟೆನ್ಸನ್ ತೋರಿಸಿದರು. ಅಂದರೆ ಮೇಲಿನ ಮೀನು ಕಡಲಿಗೆ ಬಹಳ ದುಬಾರಿ. ಅವರು ಇದಕ್ಕೆ ಬಳಸಿದ್ದು ಇಕೊಪಾತ್ ಎಂಬ ಮಾದರಿ. ಅದರ ಮೂಲ ರೂಪ 1984ರಲ್ಲಿ ಹವಾಯಿ ಕಡೆಯ ಹವಳದ ದಿಬ್ಬವೊಂದಕ್ಕಾಗಿ ಜೆಫ್ರಿ ಪೊಲೊವಿನಾ ಕಟ್ಟಿದ್ದು. ಕರ್ನಾಟಕದ ಎದುರಿನ ಅರಬ್ಬೀ ಸಮುದ್ರಕ್ಕೂ ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಂಥದ್ದೇ ಮಾದರಿ ಕಟ್ಟಿದ್ದಾರೆ.

1998ರ ಫೆಬ್ರವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪೌಲಿ ಮತ್ತು ನಾಲ್ವರು ಸಹಲೇಖಕರ ಪುಟ್ಟ ಲೇಖನ ಬಂತು. ಮಾಡಿದ್ದು ಇಷ್ಟೇ: ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬಳಿ 1950ರಿಂದ 1994ರವರೆಗೆ ದೇಶಗಳು ಕಳಿಸಿದ ಮೀನಿನ ಅಂಕಿಅಂಶ ಇತ್ತು. ಅದರ ಒಂದೊಂದು ಸಾಲಿಗೂ ಹಂತದ ಅಂಕೆ ಜೋಡಿಸಿ, ವರ್ಷಕ್ಕೊಂದು ಸರಾಸರಿ ತೆಗೆದರು. ಐವತ್ತರ ದಶಕದ ಆರಂಭದಲ್ಲಿ 3.3ಕ್ಕಿಂತ ತುಸು ಮೇಲಿದ್ದದ್ದು 1994ಕ್ಕೆ 3.1ಕ್ಕಿಂತ ಕೆಳಗೆ ಇಳಿದಿತ್ತು. ಅವರ ಅರ್ಥ ಹೀಗಿತ್ತು: ಮೊದಲು ದೊಡ್ಡ ಬೇಟೆ ಮೀನು ಮುಗಿಸಿದೆವು, ಈಗ ಅವುಗಳ ಆಹಾರಕ್ಕೇ ಕೈ ಹಾಕಿದ್ದೇವೆ.

ಆ ಹೊತ್ತಿಗೆ ಕಣ್ಣೆದುರು ಒಂದು ಉದಾಹರಣೆಯೂ ಇತ್ತು. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಶತಮಾನಗಳಿಂದ ಹಿಡಿದ ಕಾಡ್ ಮೀನು ಕುಸಿದು, 1992ರ ಜುಲೈನಲ್ಲಿ ಸರ್ಕಾರ ಅದರ ಮೀನುಗಾರಿಕೆಯನ್ನೇ ನಿಲ್ಲಿಸಿತು. 30 ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಆಮೇಲೆ ಅಲ್ಲಿನ ದೋಣಿಗಳು ಸಿಗಡಿ, ಏಡಿ ಕಡೆ ತಿರುಗಿದವು.

ಇನ್ನು ಜಗಳ. ಒಂದು ಕಾಲ್ಪನಿಕ ಲೆಕ್ಕ ನೋಡಿ. ಒಂದು ಬಂದರಿನಲ್ಲಿ ಈ ವರ್ಷ 90 ಟನ್ ಬೂತಾಯಿ, 10 ಟನ್ ಅಂಜಲ್ ಬಂತು ಅನ್ನಿ. ಸರಾಸರಿ ಹಂತ 2.7. ಮುಂದಿನ ವರ್ಷ ಬೂತಾಯಿ ಕೈಕೊಟ್ಟು 10 ಟನ್ ಮಾತ್ರ ಬಂತು, ಅಂಜಲ್ ಅಷ್ಟೇ ಇದೆ. ಸರಾಸರಿ 3.5ಕ್ಕೆ ಹಾರುತ್ತೆ! ಊರಿಗೆ ಬರಗಾಲ, ಅಂಕೆಗೆ ಹಬ್ಬ. ಬೂತಾಯಿಯಂಥ ಮೀನು ಮಳೆ, ನೀರಿನ ಬಿಸಿ ನೋಡಿಕೊಂಡು ಏರಿಳಿಯೋದು ಸಹಜ. ಪೆರುವಿನ ಆಂಚೊವೆಟಾದ ಭಾರೀ ಹಿಡಿತ ಜಗತ್ತಿನ ಸರಾಸರಿಯನ್ನೇ ಅರವತ್ತರ ದಶಕದಲ್ಲಿ ಕೆಳಗೆ ಎಳೆದಿತ್ತು. ನನ್ನ ಕೆಲಸದಲ್ಲೂ ಸರಾಸರಿ ಅನ್ನೋ ಒಂದೇ ಅಂಕೆ ನೋಡಿ ತೀರ್ಮಾನ ಕೊಡಬಾರದು ಅನ್ನೋದು ಇದಕ್ಕೇ.

ಟೀಕಾಕಾರರು ಇನ್ನೂ ಮುಂದೆ ಹೋದರು. 2006ರಲ್ಲಿ ಟಿಮ್ ಎಸ್ಸಿಂಗ್ಟನ್ ಮತ್ತು ಸಂಗಡಿಗರು, ಸರಾಸರಿ ಇಳಿದ ಹೆಚ್ಚಿನ ಕಡೆ ಮೇಲಿನ ಮೀನಿನ ಹಿಡಿತ ಕಡಿಮೆಯಾಗಿಲ್ಲ, ಕೆಳಗಿನ ಮೀನು ಹೊಸದಾಗಿ ಸೇರಿಕೊಂಡಿದೆ ಅಂದರು. 2010ರಲ್ಲಿ ಟ್ರೆವರ್ ಬ್ರಾಂಚ್ ತಂಡ 'ನೇಚರ್' ಪತ್ರಿಕೆಯಲ್ಲಿ, ಹಿಡಿದ ಮೀನಿನ ಸರಾಸರಿ ಸಮುದ್ರದೊಳಗಿನ ಬದಲಾವಣೆಯನ್ನು ನಂಬುವ ಹಾಗೆ ತೋರಿಸೋದಿಲ್ಲ ಅಂತ ವಾದಿಸಿತು. ಬಲೆ ಬದಲಾದರೂ, ಬೆಲೆ ಬದಲಾದರೂ ಪಟ್ಟಿ ಬದಲಾಗುತ್ತೆ ಅಲ್ವಾ?

ಪೌಲಿ ಸುಮ್ಮನಿರಲಿಲ್ಲ. 3.25ಕ್ಕಿಂತ ಕೆಳಗಿನ ಮೀನುಗಳನ್ನು ಬಿಟ್ಟು ಲೆಕ್ಕ ಹಾಕಿ, ಆಗ ಬೂತಾಯಿ, ಆಂಚೊವೆಟಾದ ಗದ್ದಲ ಇರೋದಿಲ್ಲ ಅಂದರು. ದೋಣಿಗಳು ಹೊಸ ಆಳಕ್ಕೆ ಹೋದಾಗ ಅಲ್ಲಿನ ದೊಡ್ಡ ಮೀನು ಪಟ್ಟಿಗೆ ಸೇರಿ, ಹಳೇ ಜಾಗದ ಕೊರತೆಯನ್ನು ಮುಚ್ಚಿಬಿಡುತ್ತೆ ಅನ್ನೋದು ಅವರ ಇನ್ನೊಂದು ಉತ್ತರ. 2008ರಲ್ಲಿ ಬ್ರಜ್‌ಗೀತ್ ಭಟಾಲ್ ಜೊತೆ ಸೇರಿ ಭಾರತದ 1950ರಿಂದ 2000ರವರೆಗಿನ ಅಂಕಿಅಂಶವನ್ನು ಈ ದೃಷ್ಟಿಯಿಂದಲೇ ನೋಡಿದರು. ಅದಕ್ಕೂ ಮೊದಲು, 2005ರಲ್ಲಿ, ನಮ್ಮದೇ ವಿಜ್ಞಾನಿಗಳಾದ ವಿವೇಕಾನಂದನ್ ಮತ್ತು ಸಹೋದ್ಯೋಗಿಗಳು ಭಾರತದಲ್ಲಿ, ಅದರಲ್ಲೂ ಆಗ್ನೇಯ ಕರಾವಳಿಯಲ್ಲಿ, ಸರಾಸರಿ ಇಳಿದದ್ದನ್ನು ಗುರುತಿಸಿದ್ದರು.

ಪಟ್ಟಿಯೇ ಸರಿಯಿಲ್ಲದಿದ್ದರೆ? ಅದನ್ನೂ ಕೆದಕಿದವರು ಪೌಲಿಯೇ. 2001ರಲ್ಲಿ ರೆಗ್ ವಾಟ್ಸನ್ ಜೊತೆ, ಚೀನಾ ಕಳಿಸುವ ಅಂಕಿಅಂಶ ಉಬ್ಬಿದ್ದು, ಅದನ್ನು ಸರಿಪಡಿಸಿದರೆ ಜಗತ್ತಿನ ಮೀನು ಎಂಬತ್ತರ ದಶಕದ ಕೊನೆಯಿಂದಲೇ ಇಳಿಯುತ್ತಿದೆ ಅಂದರು. ಅಧಿಕಾರಿಗಳ ಬಡ್ತಿ ಉತ್ಪಾದನೆಯ ಅಂಕೆಗೆ ಜೋಡಿಸಿಕೊಂಡಿದ್ದೇ ಕಾರಣ ಅನ್ನೋದು ಅವರ ವಾದ. ಉಳಿದ ಕಡೆ ಉಲ್ಟಾ ಸಮಸ್ಯೆ. ಸಣ್ಣ ದೋಣಿಯವರು ಹಿಡಿದದ್ದು, ಮನೆಗೆ ಒಯ್ದದ್ದು, ಕಡಲಿಗೇ ವಾಪಸ್ ಎಸೆದದ್ದು ಲೆಕ್ಕಕ್ಕೇ ಬರೋದಿಲ್ಲ. 2016ರಲ್ಲಿ ಡಿರ್ಕ್ ಝೆಲ್ಲರ್ ಜೊತೆ ಹಾಕಿದ ಮರುಲೆಕ್ಕದ ಪ್ರಕಾರ 1996ರಲ್ಲಿ ಜಗತ್ತು ಹಿಡಿದದ್ದು 13 ಕೋಟಿ ಟನ್. ಅಧಿಕೃತ ಅಂಕೆ 8.6 ಕೋಟಿ.

ಯಾರು ಗೆದ್ದರು ಅಂತ ಕೇಳ್ತೀರಾ? ನನ್ನ ಅಭಿಪ್ರಾಯದಲ್ಲಿ ಟೀಕಾಕಾರರ ತಕರಾರು ನಿಜ. ಬಲೆಯ ಪಟ್ಟಿ ಅರ್ಧ ಸಮುದ್ರದ ಮಾತು, ಅರ್ಧ ಬಲೆಯ ಮಾತು. ಆದರೆ ಬಹುತೇಕ ಬಡ ದೇಶಗಳ ಕೈಲಿ ಇರೋದು ಆ ಪಟ್ಟಿಯೊಂದೇ. ಹಡಗು ಕಳಿಸಿ ಪ್ರತಿವರ್ಷ ಕಡಲು ಅಳೆಯೋಕೆ ದುಡ್ಡಿಲ್ಲದವರಿಗೆ ಪೌಲಿ, ನಿಮ್ಮ ಹತ್ತಿರ ಇರೋದನ್ನೇ ಓದಿ, ಅದನ್ನೇ ಸರಿಮಾಡಿಕೊಳ್ಳಿ ಅಂದರು. ಅದು ದೊಡ್ಡ ಮಾತು. ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಬೆಳಗ್ಗೆ ನಿಂತು ಯಾವ ಜಾತಿ ಎಷ್ಟು ಬಂತು ಅಂತ ಬರೆದುಕೊಳ್ಳುವವರ ಕೆಲಸಕ್ಕೆ ಇರುವ ಬೆಲೆ ಇದೇ. ಫಿಶ್‌ಮೀಲ್ ಕಾರ್ಖಾನೆಗೆ ಹೋಗುವ ಮರಿಮೀನಿನ ರಾಶಿಯನ್ನು 'ಇತರೆ' ಅಂತ ಒಂದೇ ಸಾಲಲ್ಲಿ ಬರೆದರೆ, ಯಾವ ದೊಡ್ಡ ಮೀನಿನ ನಾಳೆ ಅದರಲ್ಲಿ ಹೋಯಿತು ಅಂತ ಯಾವ ಕಂಪ್ಯೂಟರ್‌ಗೂ ಹೇಳೋಕಾಗಲ್ಲ.

ಪೌಲಿಯ ಇನ್ನೊಂದು ಮಾತು ನಮಗೆಲ್ಲ ಬೇಕಾದ್ದು. 1995ರ ಒಂದೇ ಪುಟದ ಬರಹದಲ್ಲಿ ಅವರು, ಪ್ರತಿ ತಲೆಮಾರಿನ ವಿಜ್ಞಾನಿ ತಾನು ಕೆಲಸ ಶುರು ಮಾಡಿದಾಗಿನ ಸಮುದ್ರವನ್ನೇ ಸಹಜ ಅಂದುಕೊಳ್ಳುತ್ತಾನೆ, ಹಾಗಾಗಿ ಕಳೆದುಹೋದದ್ದು ಲೆಕ್ಕಕ್ಕೆ ಸಿಗೋದಿಲ್ಲ ಅಂದಿದ್ದರು. ಅದಕ್ಕೇ ಹಳಬರ ನೆನಪನ್ನೂ ಡೇಟಾ ಅಂತ ಪರಿಗಣಿಸಿ ಅಂತ ಅವರ ಸಲಹೆ. ನಮ್ಮ ಕರಾವಳಿಯಲ್ಲಿ ಎಪ್ಪತ್ತರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದು, ದಡದಲ್ಲಿ ಹತ್ತಾರು ಜನ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಮೂಲೆಗೆ ಸರಿಯಿತು. ಆ ರಂಪಣಿ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಮುಂದಿನ ಸಲ ಊರಿಗೆ ಹೋದಾಗ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ: ಆಗ ಯಾವ ಮೀನು ಬರ್ತಿತ್ತು, ಎಷ್ಟು ದೊಡ್ಡದಿತ್ತು, ಯಾವುದು ಈಗ ಬರೋದೇ ಇಲ್ಲ? ಕೇಳಿದ್ದನ್ನು ಇಸವಿ, ಊರು ಸಮೇತ ಬರೆದಿಡಿ.