ಕತ್ತಿ ಮಾಡಿದವನ ಪಾಲು

ವೀರರ ಕಥೆಗಳಲ್ಲಿ ಕತ್ತಿಗೆ ಹೆಸರುಂಟು, ಕತ್ತಿ ಹಿಡಿದವನಿಗೆ ಕೀರ್ತಿಯುಂಟು. ಅದನ್ನು ಕಾಸಿ ಬಡಿದವನ ಸುದ್ದಿ ಮಾತ್ರ ಅಪೂರ್ವ. ಅರ್ಜುನನ ಗಾಂಡೀವವನ್ನು ಬಲ್ಲವರೆಲ್ಲ ಅದನ್ನು ನಿರ್ಮಿಸಿದವರಾರೆಂದು ಥಟ್ಟನೆ ಹೇಳಲಾರರು. ಈ ಮರೆವು ಪುರಾಣಗಳಿಗಷ್ಟೇ ಸೇರಿದ್ದಲ್ಲ. ಅಮೆರಿಕದಲ್ಲಿ ಹುಟ್ಟಿ ಲೋಕವನ್ನೆಲ್ಲ ಸುತ್ತಿದ ಒಂದು ಮೇಜಿನಾಟದಲ್ಲೂ ಅದು ಮನೆಮಾಡಿತ್ತು. ಆ ಆಟದ ನಿಯಮಗ್ರಂಥಗಳನ್ನು ಒಂದಾದ ಮೇಲೊಂದರಂತೆ ತಿರುವಿದರೆ, ಆಯುಧವು ತನ್ನನ್ನು ಮಾಡುವವನಿಂದ ಏನನ್ನು ಬೇಡುತ್ತದೆ ಎಂಬ ಪ್ರಶ್ನೆಗೆ ಕಾಲಕ್ಕೊಂದು ಉತ್ತರ ದೊರೆತಿರುವುದು ಕಾಣುತ್ತದೆ.

ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸ್, ಮಿನ್ನೆಸೋಟದ ಡೇವ್ ಆರ್ನೆಸನ್, ಇವರಿಬ್ಬರೂ ೧೯೭೪ರಲ್ಲಿ ಮೂರು ಕಿರುಹೊತ್ತಗೆಗಳಾಗಿ ಅದನ್ನು ಹೊರತಂದರು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು ಒಬ್ಬ ಯೋಧ, ಒಬ್ಬ ಮಾಂತ್ರಿಕ ಎಂದು ಪಾತ್ರ ವಹಿಸಿಕೊಳ್ಳುತ್ತಾರೆ. ಒಬ್ಬ ಸೂತ್ರಧಾರನಾಗಿ ಕಥೆ ನಡೆಸುತ್ತಾನೆ. ಸಂದೇಹ ಬಂದಲ್ಲಿ ದಾಳ ತೀರ್ಪು ಹೇಳುತ್ತದೆ. ಯಕ್ಷಗಾನದ ಭಾಗವತನನ್ನೂ ಪಗಡೆಯ ದಾಳವನ್ನೂ ಒಂದೇ ಮೇಜಿಗೆ ತಂದಂತೆ ಎಂದರೆ ನಮ್ಮವರಿಗೆ ಅರ್ಥವಾದೀತು.

ಆ ಮೊದಲ ಹೊತ್ತಗೆಗಳಲ್ಲಿ ಮಾಯಾಖಡ್ಗವೆಂದರೆ ಮುಖ್ಯವಾಗಿ ಸಿಕ್ಕುವ ವಸ್ತು. ಪಾತಾಳದ ಗವಿಯಲ್ಲಿ, ಘಟಸರ್ಪದ ನಿಧಿಯಲ್ಲಿ ಅದು ಬಿದ್ದಿರುತ್ತದೆ. ಯಾರು ಮಾಡಿದರೆಂದು ಯಾರೂ ಕೇಳುವುದಿಲ್ಲ. ಆ ಕತ್ತಿಗೆ ಬುದ್ಧಿಯುಂಟು, ಅಹಂಕಾರವೂ ಉಂಟು. ಹಿಡಿದವನು ದುರ್ಬಲನಾದರೆ ಅವನನ್ನೇ ಆಳುವ ಛಲವುಂಟು. ಕತ್ತಿಗೆ ಇಷ್ಟೆಲ್ಲ ವ್ಯಕ್ತಿತ್ವವನ್ನು ಕೊಟ್ಟ ನಿಯಮಕಾರರು ಕಮ್ಮಾರನನ್ನು ಎಲ್ಲಿಟ್ಟರು? ತಿಂಗಳ ಸಂಬಳದ ಆಳುಗಳ ಪಟ್ಟಿಯಲ್ಲಿ! ಮಂತ್ರದ ವಸ್ತುಗಳನ್ನು ಮಾಡುವ ಅಧಿಕಾರ ಮೇಲ್ದರ್ಜೆಯ ಮಾಂತ್ರಿಕನಿಗೆ ಸೇರಿತ್ತು. ಸುತ್ತಿಗೆಗೆ ಕೂಲಿ, ಮಂತ್ರಕ್ಕೆ ಮರ್ಯಾದೆ.

ಕಾಲಕ್ರಮದಲ್ಲಿ ಕುಲುಮೆಯೂ ಮೇಜಿನ ಮೇಲೆ ಬಂತು. ೧೯೭೮ರಲ್ಲಿ ಹೊರಬಂದ 'ರೂನ್‌ಕ್ವೆಸ್ಟ್' ಎಂಬ ಮತ್ತೊಂದು ಆಟ, ಯಾವ ಕೌಶಲವನ್ನು ಬಳಸುತ್ತೇವೆಯೋ ಅದೇ ಕೌಶಲ ಬೆಳೆಯುತ್ತದೆ ಎಂಬ ಸೂತ್ರವನ್ನು ಹಿಡಿಯಿತು. ೧೯೮೯ರಲ್ಲಿ ಬಂದ ಮೊದಲ ಆಟದ ಎರಡನೆಯ ಆವೃತ್ತಿ ಆಯುಧ ನಿರ್ಮಾಣವನ್ನು ಪಾತ್ರಧಾರಿ ಕಲಿಯಬಹುದಾದ ಕಸಬೆಂದು ಒಪ್ಪಿ, ದಿನಗಳ ಲೆಕ್ಕವನ್ನೂ ಹಾಕಿತು: ಬಾಕಿಗೆ ೫ ದಿನ, ಉದ್ದ ಕತ್ತಿಗೆ ೩೦ ದಿನ. ಒಂದು ತಿಂಗಳ ಬೆವರಿಗೆ ಅಂತೂ ಜಾಗ ಸಿಕ್ಕಿತು.

ಕುತೂಹಲದ ತಿರುವು ಬಂದದ್ದು ೨೦೦೦ದ ಮೂರನೆಯ ಆವೃತ್ತಿಯಲ್ಲಿ. ಅಲ್ಲಿ ೧೫ ಹೊನ್ನಿನ ಉದ್ದ ಕತ್ತಿಗೆ ೫ ಹೊನ್ನಿನ ಸಾಮಗ್ರಿ. ವಾರಕ್ಕೊಮ್ಮೆ ದಾಳ ಹಾಕಬೇಕು, ಕೈಚಳಕವನ್ನು ಸೇರಿಸಿ ೧೫ ಮುಟ್ಟಬೇಕು. ಐದಕ್ಕೋ ಹೆಚ್ಚಿಗೋ ತಪ್ಪಿದರೆ ಸಾಮಗ್ರಿಯಲ್ಲಿ ಅರ್ಧ ಹಾಳು. ಮಾಯಾಖಡ್ಗಕ್ಕೆ ಬೇರೆ ಲೆಕ್ಕ. ಮೊದಲು ಉತ್ಕೃಷ್ಟವಾದ ಕತ್ತಿಯೊಂದು ಬೇಕು. ಅದರ ಮೇಲೆ ಮೊದಲ ದರ್ಜೆಯ ಮಂತ್ರಶಕ್ತಿಯನ್ನು ತುಂಬಲು ೧,೦೦೦ ಹೊನ್ನು, ಎರಡು ದಿನ, ಜೊತೆಗೆ ೮೦ ಅನುಭವಾಂಕ. ಅನುಭವಾಂಕವೆಂದರೆ ಸಾಹಸಗಳಿಂದ ಪಾತ್ರ ಗಳಿಸಿ ಮೇಲೇರುವ ಪುಣ್ಯದ ಗಂಟು. ಮಾಡಿದವನು ತನ್ನ ಬಾಳಿನ ಒಂದು ತುಣುಕನ್ನೇ ಕತ್ತಿಗೆ ತೆರಬೇಕಾಯಿತು.

ಈ ನಿಯಮವನ್ನು ಓದಿದಾಗ ನಮಗೆ ದಧೀಚಿಯ ನೆನಪಾಗದಿರದು. ಅವನ ಎಲುಬಿನಿಂದಲ್ಲವೆ ವಜ್ರಾಯುಧವಾದದ್ದು? ಮಹತ್ತಾದ ಆಯುಧದಲ್ಲಿ ಯಾರದೋ ಜೀವ ಸೇರಿರಬೇಕೆಂಬುದು ಹಳೆಯ ನಂಬಿಕೆ. ಅಮೆರಿಕದ ನಿಯಮಕಾರರು ಅದನ್ನೇ ಲೆಕ್ಕದ ಪುಸ್ತಕಕ್ಕೆ ಇಳಿಸಿದಂತಿದೆ. ಆದರೆ ನಿಜವಾದ ಕಸಬುದಾರನ ಅನುಭವ ಹೀಗಿಲ್ಲ. ಹತ್ತು ಕತ್ತಿ ಬಡಿದವನ ಕೈ ಹನ್ನೊಂದನೆಯದಕ್ಕೆ ಇನ್ನಷ್ಟು ಪಳಗಿರುತ್ತದೆ. ಅವನು ಕಳೆದುಕೊಳ್ಳುವುದು ಕಣ್ಣಿನ ಹೊಳಪನ್ನು, ತೋಳಿನ ಬಲವನ್ನು; ಅನುಭವವನ್ನಲ್ಲ. ಅದೇ ನಿಯಮಗಳ ತಳಹದಿಯ ಮೇಲೆ ೨೦೦೯ರಲ್ಲಿ ಬಂದ 'ಪಾತ್‌ಫೈಂಡರ್' ಈ ತೆರಿಗೆಯನ್ನು ಕೈಬಿಟ್ಟಿತು. ಅದಕ್ಕೆ ಒಂದು ವರ್ಷ ಮೊದಲು, ೨೦೦೮ರ ನಾಲ್ಕನೆಯ ಆವೃತ್ತಿ ಇನ್ನೊಂದು ತುದಿಗೆ ಹೋಗಿತ್ತು: ಬೆಲೆಯಷ್ಟು ಹೊನ್ನು ಸುರಿದರೆ ಒಂದೇ ಗಂಟೆಯ ವಿಧಿಯಲ್ಲಿ ಮಾಯಾಯುಧ ಸಿದ್ಧ! ೨೦೧೪ರ ಐದನೆಯ ಆವೃತ್ತಿ ಮತ್ತೆ ದಿನಗಳನ್ನು ಎಣಿಸತೊಡಗಿತು. ದಿನಕ್ಕೆ ೨೫ ಹೊನ್ನಿನಷ್ಟು ಕೆಲಸ, ಸಾಧಾರಣವಲ್ಲದ ವಸ್ತುವೊಂದಕ್ಕೆ ೨೦ ದಿನ.

ಈ ಕಲ್ಪಿತ ಖಡ್ಗಗಳ ಹಿಂದೆ ಯೂರೋಪಿನ ಹಳೆಯ ಬೆರಗುಗಳಿವೆ. ಮೈಮೇಲೆ ನೀರಿನ ಅಲೆಯಂಥ ಗೆರೆಗಳಿದ್ದ ಡಮಾಸ್ಕಸ್ ಕತ್ತಿಯದು ಅವುಗಳಲ್ಲೊಂದು. ಅಂಥ ಕತ್ತಿಗಳಿಗೆ ಒದಗಿದ ಉಕ್ಕು ದಕ್ಷಿಣ ಭಾರತದ ಮೂಸೆಗಳದು. ಇಂಗ್ಲಿಷರು ಅದನ್ನು 'ವುಟ್ಜ್' ಎಂದು ಕರೆದರು, ನಮ್ಮ 'ಉಕ್ಕು' ಎಂಬ ಮಾತೇ ಹಾಗೆ ಮಾರ್ಪಟ್ಟಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದರ ಪರೀಕ್ಷೆಯನ್ನು ವರದಿ ಮಾಡಿದನು. ೧೮೦೦ರಲ್ಲಿ ಮೈಸೂರು ಸೀಮೆಗೆ ಬಂದ ಫ್ರಾನ್ಸಿಸ್ ಬುಕಾನನ್, ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿಯೊಂದಿಗೆ, ಹಸಿ ಎಲೆಯೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು ಕಾಸುವುದನ್ನು ವಿವರವಾಗಿ ಬರೆದಿಟ್ಟನು. ೧೮೧೯ರಲ್ಲಿ ಮೈಕೆಲ್ ಫ್ಯಾರಡೆಯಂಥ ಮೇಧಾವಿಯೇ ಇದರ ಗುಟ್ಟನ್ನು ಹುಡುಕಿ, ಅಲ್ಯುಮಿನ ಮೊದಲಾದುವು ಕಾರಣವೆಂದು ತಪ್ಪಾಗಿ ಊಹಿಸಿದನು. ಲೋಹದಲ್ಲಿ ಅತ್ಯಲ್ಪವಾಗಿ ಬೆರೆತ ವೆನೇಡಿಯಂನಂಥ ಧಾತುಗಳು ಆ ಗೆರೆಗಳಿಗೆ ಕಾರಣವೆಂದು ಅಮೆರಿಕದ ವಿಜ್ಞಾನಿ ವರ್ಹೋವನ್, ಕಮ್ಮಾರ ಪೆಂಡ್ರೆ ಜೊತೆಗೂಡಿ ತೋರಿಸಿದ್ದು ೧೯೯೦ರ ದಶಕದಲ್ಲಿ.

ಇಲ್ಲೊಂದು ಮಾತು ಗಮನಾರ್ಹ. ಪರೀಕ್ಷಿಸಿದವರ ಹೆಸರುಗಳೆಲ್ಲ ಇವೆ. ಮೂಸೆಯ ಮುಂದೆ ಕುಳಿತವನದು ಇಲ್ಲ. ಬುಕಾನನ್ ಕ್ರಮವನ್ನು ಬರೆದುಕೊಂಡನು, ಕೈಯನ್ನು ಬರೆದುಕೊಳ್ಳಲಾಗಲಿಲ್ಲ. ಯಾವ ಬಣ್ಣಕ್ಕೆ ಬೆಂಕಿ ಬಂದಾಗ ತಿದಿಯನ್ನು ನಿಲ್ಲಿಸಬೇಕೆಂಬುದು ಬಹುಪಾಲು ತಂದೆಯಿಂದ ಮಗನ ಕಣ್ಣಿಗೆ ಸಾಗುವ ವಿದ್ಯೆ. ಕುಲುಮೆ ಆರಿದರೆ ಅದೂ ಆರಿತು.

ಆಟದ ಪುಸ್ತಕಗಳು ಹೊನ್ನನ್ನು ಎಣಿಸಿವೆ, ದಿನವನ್ನು ಎಣಿಸಿವೆ, ಒಮ್ಮೆ ಬಾಳಿನ ತುಣುಕನ್ನೂ ಎಣಿಸಿವೆ. ಎಣಿಕೆಗೆ ಸಿಕ್ಕದ ಆ ಕೈಯ ವಿದ್ಯೆಗೆ ಹತ್ತಿರ ಬಂದದ್ದು ಮೂರನೆಯ ಆವೃತ್ತಿಯ ಬರಿಯ ಕತ್ತಿಯ ನಿಯಮವೇ. ಅಲ್ಲಿ ಮಂತ್ರ ತುಂಬುವುದಕ್ಕೆ ದಾಳ ಬೇಕಿರಲಿಲ್ಲ. ಕಬ್ಬಿಣ ಬಡಿಯುವುದಕ್ಕೆ ಬೇಕಿತ್ತು. ಮಂತ್ರ ತಪ್ಪದೆ ಫಲಿಸಬಹುದು, ಬೆಂಕಿ ಹಾಗಲ್ಲವೆಂಬುದನ್ನು ಆ ನಿಯಮ ಬಲ್ಲುದು. ಮೇಜಿನ ಮೇಲೆ ಆ ದಾಳ ಉರುಳಿ ನಿಲ್ಲುವವರೆಗೆ ಎಲ್ಲರ ಕಣ್ಣೂ ಕತ್ತಿ ಹಿಡಿಯುವವನನ್ನು ಬಿಟ್ಟು ಮಾಡುವವನ ಮೇಲಿರುತ್ತದೆ. ಹೆಸರಿಲ್ಲದ ಕಮ್ಮಾರನಿಗೆ ಅಷ್ಟು ಹೊತ್ತಿನ ಗೌರವವೂ ಸಣ್ಣದಲ್ಲ.