ಎತ್ತಿನ ಸೋಮವಾರ

ಶನಿವಾರ ಸಂಜೆಯಾದರೆ ನನ್ನ ಫೋನಿಗೆ ಜೀವ ಬರುತ್ತದೆ. ವಳಕಮದಿನ್ನಿಯ ಓಣಿಗಳಲ್ಲಿ ಗೋಲಿ ಆಡಿ ಬೆಳೆದ ನಾವು ಏಳು ಮಂದಿ ಈಗ ಏಳು ದಿಕ್ಕಿಗಿದ್ದೇವೆ. ಒಬ್ಬ ಗುಳೆ ಹೋದವನು ಬೆಂಗಳೂರಿನಲ್ಲೇ ಸೆಂಟ್ರಿಂಗ್ ಮೇಸ್ತ್ರಿಯಾಗಿ ಉಳಿದ, ಒಬ್ಬ ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತನಾದ, ಒಬ್ಬನದು ಸಿಂಧನೂರಿನಲ್ಲಿ ಅಕ್ಕಿ ವ್ಯಾಪಾರ. ನಾನು ಮಾಸ್ತರಿಕೆ ಮುಗಿಸಿ ಲಿಂಗಸುಗೂರಿನಲ್ಲಿ ಮನೆ ಮಾಡಿದವನು. ಮಾತು ಪ್ರತಿ ವಾರ ಅದೇ. "ನಾಳಿ ಏನ್ಲೇ ಕೆಲಸ?" "ಕೌದಿ ಒಗಿಯಾದೈತಿ." "ನಮ್ಮಾಕಿ ಒಗ್ಗರಣಿ ಮಿರ್ಚಿ ಮಾಡ್ತೀನಂದಾಳ." "ಕೋಳಿ ತರಾಕ ಹೊಂಟೀನಿ." ಊರಲ್ಲೇ ಉಳಿದ ಇಬ್ಬರು ಮಾತ್ರ ಈ ಮಾತಿಗೆ ತಡವಾಗಿ ಸೇರುತ್ತಾರೆ. ಅವರ ಪೈಕಿ ಒಬ್ಬ ಹೋದ ತಿಂಗಳು ಬರೆದ: "ಐತ್ವಾರ ನಿಮಗ ಸೂಟಿ. ನನಗ ಸ್ವಾಮಾರ."

ಆ ಒಂದು ಸಾಲು ನನ್ನನ್ನು ಅಜ್ಜನ ಕಾಲಕ್ಕೆ ಕೊಂಡೊಯ್ದು ಕೂರಿಸಿತು. ಅವನಿಗೆ ಐತ್ವಾರವೆಂದರೆ ಹೆಸರಿದ್ದ ಇನ್ನೊಂದು ದಿನ, ಅಷ್ಟೇ. ವಾರ ಬಿಡುತ್ತಿದ್ದದ್ದು ಸೋಮವಾರ. ಅದೂ ಮನುಷ್ಯರಿಗಲ್ಲ, ಎತ್ತಿಗೆ.

ನಮ್ಮ ಸೀಮೆಯಲ್ಲಷ್ಟೇ ಅಲ್ಲ, ಉತ್ತರ ಕರ್ನಾಟಕದ ಬಹುಪಾಲು ಒಕ್ಕಲುತನದ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಸೋಮವಾರ ಶಿವನ ವಾರ, ಎತ್ತು ಬಸವಣ್ಣ, ಹೂಡಿದರೆ ಪಾಪ. ಮಳೆ ಬಿದ್ದು ಹದ ಬಂದು, ಮಂಗಳವಾರಕ್ಕೆ ಆರಿಹೋಗುತ್ತದೆ ಅನ್ನುವಂಥ ದಿನವೂ ಅಜ್ಜ ಕೂರಿಗೆ ಮುಟ್ಟಲಿಲ್ಲ. ಎರೆ ಹೊಲದ ಹದ ಎಂದರೆ ಎಂಥದ್ದೆಂದು ಎರೆಭೂಮಿಯವರಿಗೆ ಗೊತ್ತು: ಒಂದು ದಿನ ಮುಂಚೆ ಹೋದರೆ ಕೆಸರು ಕಾಲು ಹಿಡಿಯುತ್ತದೆ, ಒಂದು ದಿನ ತಡವಾದರೆ ಕಲ್ಲು. ಅಂಥಾದ್ದರಲ್ಲಿ ವಾರಕ್ಕೊಂದು ದಿನ ಬಿಟ್ಟುಕೊಡುವುದು ಬರೀ ಭಕ್ತಿಯಿಂದ ಆಗುವ ಕೆಲಸವಲ್ಲ. ಏಳು ದಿನ ಹೂಡಿದ ಜೋಡಿ ಬೇಸಿಗೆ ಕಾಣುವುದಿಲ್ಲ ಎಂಬ ಲೆಕ್ಕವೂ ಒಳಗಿತ್ತು. ಎತ್ತು ಹೋದರೆ ಮನೆಯೇ ಹೋದಂತೆ. ಆದರೆ ಲೆಕ್ಕವೆಂದು ಹೇಳಿದರೆ ಯಾವ ಅವಸರದವನೂ ಕೇಳುವುದಿಲ್ಲ, ಪಾಪವೆಂದರೆ ಕೇಳುತ್ತಾನೆ. ಅಮಾವಾಸ್ಯೆಗೂ ಇದೇ ಕಟ್ಟಳೆ.

ದನಕ್ಕೆ ದಿನ ಗೊತ್ತುಮಾಡುವುದು ಈ ದೇಶಕ್ಕೆ ಹೊಸದಲ್ಲ. ನಮ್ಮ ಮಗ್ಗುಲಿನ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದ ಬಂಡೆಯ ಬರಹದಲ್ಲಿ ಅಶೋಕನ ಹೆಸರೇ ಇದೆ; ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಇದ್ದದ್ದು ಬರೀ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಅದೇ ಅಶೋಕ ಉತ್ತರದ ಕಂಬಗಳ ಮೇಲೆ ಬರೆಸಿದ ಐದನೆಯ ಶಾಸನದಲ್ಲಿ ಪಕ್ಷದ ಅಷ್ಟಮಿ, ಚತುರ್ದಶಿ, ಹುಣ್ಣಿಮೆ ಅಮಾವಾಸ್ಯೆಗಳಂದು ಹೋರಿಗಳ ಬೀಜ ಒಡೆಯಬಾರದು, ಇಂತಿಂಥ ದಿನ ಎತ್ತು ಕುದುರೆಗಳಿಗೆ ಬರೆ ಹಾಕಬಾರದು ಎಂದು ಅಪ್ಪಣೆ ಇದೆ. ಮಸ್ಕಿ ಬಂಡೆಯಲ್ಲಿ ಆ ಮಾತಿಲ್ಲ. ಅಜ್ಜನ ಸೋಮವಾರಕ್ಕೂ ಅದಕ್ಕೂ ನೇರ ನಂಟು ಕಟ್ಟುವ ಧೈರ್ಯವೂ ನನಗಿಲ್ಲ. ಒಂದನ್ನು ಮಾತ್ರ ಗಮನಿಸಬೇಕು: ಅಶೋಕ ಹೇಳುವುದು ತಿಥಿ ನಕ್ಷತ್ರಗಳನ್ನು, ವಾರವನ್ನಲ್ಲ. ಏಳು ವಾರಗಳ ಎಣಿಕೆ ನಮ್ಮಲ್ಲಿ ಬೇರುಬಿಟ್ಟದ್ದು ಎಷ್ಟೋ ಶತಮಾನ ಕಳೆದ ಮೇಲೆ. ಭಾರತದ ಶಾಸನಗಳಲ್ಲಿ ವಾರದ ಹೆಸರು ಮೊದಲು ಕಾಣುವುದು 484ರ ಏರಣ್ ಶಾಸನದಲ್ಲಿ, ಅದೂ ಗುರುವಾರ.

ವಾರ ಎಂಬ ಪದವನ್ನೇ ನೋಡಿ. ವಾರ ಎಂದರೆ ಮೂಲದಲ್ಲಿ ಸರದಿ, ಪಾಳಿ. ಇಂದು ಸೋಮನ ಪಾಳಿ, ನಾಳೆ ಮಂಗಳನದು. ರಜಾ ಎಂಬುದು ಅರಬ್ಬಿಯಿಂದ ಉರ್ದುವಿನ ಮೂಲಕ ಬಂದದ್ದು. ಅದರ ಅರ್ಥ ಒಪ್ಪಿಗೆ, ಅನುಮತಿ. ಎತ್ತಿನದು ವಾರ, ನೌಕರನದು ರಜಾ. ಮಾಸ್ತರನಾಗಿ ಮೂವತ್ತು ವರ್ಷ ರಜಾ ಅರ್ಜಿ ಬರೆದವನಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ.

ಸೋಮವಾರ ಊರು ಸುಮ್ಮನಿರುತ್ತಿತ್ತು ಅಂದುಕೊಳ್ಳಬೇಡಿ. ಆ ದಿನ ಕಮ್ಮಾರನ ಕುಲುಮೆಯ ಮುಂದೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಕುಡ ಹಣಿಸಬೇಕು, ಕುರ್ಚಿಗಿ ಕಕ್ಕು ಹಾಕಿಸಬೇಕು. ಬಡಿಗ್ಯಾರ ಮನೆಯ ಮುಂದೆ ಕೂರಿಗೆಯ ತಾಳು, ಬಂಡಿಯ ಅಚ್ಚು. ಇವರಿಗೆ ದಿನಗೂಲಿ ಇಲ್ಲ, ಸುಗ್ಗಿಗೆ ಕಣದಲ್ಲಿ ಆಯ. ಎತ್ತಿನ ಬಿಡುವು ಇವರಿಗೆ ಇಮ್ಮಡಿ ದುಡಿತ. ಗಂಡಸರು ಎತ್ತುಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈ ತಿಕ್ಕುತ್ತಿದ್ದರು, ಮಿಣಿ ಹಗ್ಗ ಹೊಸೆಯುತ್ತಿದ್ದರು, ಮಧ್ಯಾಹ್ನ ಹನುಮಪ್ಪನ ಗುಡಿಕಟ್ಟೆಗೆ ಬಂದು ಕೂರುತ್ತಿದ್ದರು. ನಾವು ಈಗ ಶನಿವಾರ ಸಂಜೆ ಬೆರಳಲ್ಲಿ ಕುಟ್ಟುವುದೆಲ್ಲ ಆಗ ಅಲ್ಲಿ ಬಾಯಲ್ಲೇ ನಡೆಯುತ್ತಿತ್ತು: ಯಾರ ಎಮ್ಮೆ ಈದಿತು, ಯಾರ ಮನೆಯಲ್ಲಿ ಹೋಳಿಗೆ, ನಾಳೆ ಯಾರ ಹೊಲಕ್ಕೆ ಮುಯ್ಯಾಳು.

ಕಟ್ಟೆಯ ಮೇಲೆ ಹೆಂಗಸರಿರಲಿಲ್ಲ. ಅಜ್ಜಿಗೆ ಸೋಮವಾರವೆಂದರೆ ಇಡೀ ಮನೆ ಸಗಣಿಯಿಂದ ಸಾರಿಸುವ ದಿನ, ಕೌದಿ ಹೊತ್ತು ಹಳ್ಳಕ್ಕೆ ಹೋಗುವ ದಿನ, ಜೋಳ ಹಸನು ಮಾಡಿ ಬೀಸುವ ದಿನ. ಗಂಡಸರು ಹೊಲಕ್ಕೆ ಹೋಗದೆ ಮನೆಯಲ್ಲೇ ಇದ್ದುದರಿಂದ ಬಿಸಿ ರೊಟ್ಟಿ ಬೇರೆ. ಉಳಿದ ದಿನ ಬುತ್ತಿಯಲ್ಲಿ ಕಟಿ ರೊಟ್ಟಿ, ಗುರೆಳ್ಳು ಪುಡಿ, ಉಳ್ಳಾಗಡ್ಡಿ ಸಾಗುತ್ತಿತ್ತು. ಸೋಮವಾರ ಪುಂಡಿಪಲ್ಯ ಬೇಕು, ಬದನೆಯ ಎಣ್ಣೆಗಾಯಿ ಬೇಕು. ಅಜ್ಜಿ ಒಮ್ಮೆ ಒಲೆಯ ಮುಂದೆ ಕೂತು ಅಂದದ್ದು ನೆನಪಿದೆ: "ಬಸವಣ್ಣಗ ಪಾಳಿ ಬಂತು, ನನಗ ಯಾವಾಗ ಬರ್ತದೋ." ನಾವು ನಕ್ಕಿದ್ದೆವು.

ನಮ್ಮ ಸುತ್ತ ಬೇರೆ ವಾರಗಳೂ ಇದ್ದವು. ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕ್ಯಾಥೊಲಿಕ್ ಕ್ರೈಸ್ತರ ಕೇರಿ ಇದೆ, ಗೋವೆಯ ಕಡೆಯಿಂದ ಬಂದ ಪಾದ್ರಿಗಳು ಕಟ್ಟಿದ್ದು. ಎಂದರೆ ಹದಿನಾರನೆಯ ಶತಮಾನದಲ್ಲೇ ಭಾನುವಾರದ ಗಂಟೆ ಕೃಷ್ಣಾ ತುಂಗಭದ್ರೆಯರ ನಡುವಿನ ಈ ದೋಆಬಿನಲ್ಲಿ ಕೇಳಿಸಿದೆ. 1853ರಲ್ಲಿ ನಿಜಾಮರು ರಾಯಚೂರು ದೋಆಬನ್ನು ಇಂಗ್ಲಿಷರ ಕೈಗಿತ್ತರು, 1860ರಲ್ಲಿ ಅದು ಮರಳಿ ಬಂತು. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಾಂಟಿಂಜೆಂಟಿನ ಛಾವಣಿ ಇತ್ತು. ದಂಡಿನ ಐತ್ವಾರ ಅಲ್ಲಿ ನಡೆದಿರಬೇಕು. ನಮ್ಮೂರಿನ ಎತ್ತುಗಳಿಗೆ ಅದರ ಗೊಡವೆ ಇರಲಿಲ್ಲ.

ನಮ್ಮಪ್ಪನ ಕಾಲದ ರಜೆಯೇ ಬೇರೆ. ನಿಜಾಮರ ರಾಜ್ಯದಲ್ಲಿ ಕಚೇರಿಗೂ ಶಾಲೆಗೂ ಶುಕ್ರವಾರ ಸೂಟಿ. ಪಂಚಾಂಗವೂ ಸರ್ಕಾರದ್ದೇ: ಫಸಲಿ ವರ್ಷ, ಆಜೂರ್, ದೈ, ಬಹಮನ್ ಎಂದು ತಿಂಗಳುಗಳು. ಫಸಲಿ ಎಂದರೆ ಬೆಳೆಯ ವರ್ಷ. ಕಂದಾಯಕ್ಕೆ ಅನುಕೂಲವಾಗಲೆಂದು ಸುಗ್ಗಿಯ ಲೆಕ್ಕ. ಅಪ್ಪ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು ಕಲಿತವನು. ಶುಕ್ರವಾರ ಅವನಿಗೆ ಸೂಟಿ ಇದ್ದರೆ ಎತ್ತಿಗಿರಲಿಲ್ಲ, ಹೊಲಕ್ಕೆ ಹೋಗಲೇಬೇಕು. ಸೋಮವಾರ ಎತ್ತಿಗೆ ಬಿಡುವಿದ್ದರೆ ಇವನಿಗೆ ಶಾಲೆ. "ನಾನೂ ಎತ್ತೂ ಒಂದ ದಿನ ಆರಾಮ ಕುಂತದ್ದ ಇಲ್ಲ" ಎನ್ನುತ್ತಿದ್ದ.

1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆಯಾಯಿತು, ಹದಿನೇಳಕ್ಕೆ ನಿಜಾಮರು ಶರಣಾದರು. ಆ ದಿನಗಳ ಭಯ, ಊರು ಬಿಟ್ಟು ಹೋದವರ ಕಥೆ, ಅದೇ ಒಂದು ದೊಡ್ಡ ಅಧ್ಯಾಯ, ಇಲ್ಲಿ ಬೇಡ. ಅಪ್ಪ ಹನ್ನೆರಡು ವರ್ಷದ ಹುಡುಗ. ಅವನಿಗೆ ರಾಜ್ಯ ಬದಲಾದದ್ದು ತಿಳಿದದ್ದು ಸೂಟಿಯಿಂದ. ಶುಕ್ರವಾರ ಹೋಗಿ ಐತ್ವಾರ ಬಂತು. ಹುಡುಗರು ಹಳೆ ರೂಢಿಯಂತೆ ಐತ್ವಾರ ಪಾಟಿ ಹಿಡಿದು ಹೋಗಿ, ಬೀಗ ನೋಡಿ, ಅಲ್ಲೇ ಬುಗುರಿ ಆಡಿ ಬಂದರಂತೆ. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಐತ್ವಾರ ಗಟ್ಟಿಯಾಗಿತ್ತು.

ಈ ಐತ್ವಾರವನ್ನು ಇಂಗ್ಲಿಷರು ಪುಕ್ಕಟೆ ಕೊಟ್ಟದ್ದು ಎಂದು ನಾನೂ ಪಾಠ ಮಾಡಿದ್ದೇನೆ, ತಪ್ಪು. ಬಿಳಿಯರ ಕಚೇರಿಗಳಿಗೆ ಅದು ತಾನಾಗಿ ಬಂತು, ನಿಜ. ಮುಂಬಯಿಯ ಗಿರಣಿಗಳಲ್ಲಿ ದುಡಿಯುವವರಿಗೆ ವಾರದ ರಜೆ ಸಿಕ್ಕಿದ್ದು ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರ ಜೂನ್ 10ರಂದು ಗಿರಣಿ ಮಾಲೀಕರು ಒಪ್ಪಿದಾಗ. ಭಾನುವಾರ ಖಂಡೋಬನ ವಾರ ಎಂಬುದು ಅವರ ವಾದಗಳಲ್ಲೊಂದು. ಖಂಡೋಬನೆಂದರೆ ನಮ್ಮ ಮೈಲಾರಲಿಂಗ. ನಮ್ಮ ಅಂಗಳಕ್ಕೆ ಡಮರು ಬಾರಿಸುತ್ತ ಬರುವ ಗೊರವಯ್ಯನಿಗೂ ಐತ್ವಾರವೇ ದೇವರ ವಾರ. ಅಂದಮೇಲೆ ಬೆಂಗಳೂರಿನ ಸೆಂಟ್ರಿಂಗ್ ಗೆಳೆಯ ಐತ್ವಾರ ಬಟ್ಟೆ ಒಗೆದು ಕೋಳಿ ತರುವುದರ ಹಿಂದೆ ಲೋಖಂಡೆಯವರೂ ಇದ್ದಾರೆ, ಮೈಲಾರಲಿಂಗನೂ ಇದ್ದಾನೆ.

ಸೋಮವಾರವನ್ನು ಅಲುಗಿಸಿದ್ದು ಸರ್ಕಾರವಲ್ಲ, ನೀರು. ತುಂಗಭದ್ರೆಗೆ ಕಟ್ಟೆ ಕಟ್ಟಿ 1953ರಲ್ಲಿ ನೀರು ಬಿಟ್ಟರು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಕೊಪ್ಪಳ ರಾಯಚೂರು ಜಿಲ್ಲೆಗಳಲ್ಲಿ ಹರಿದು ಸಿಂಧನೂರನ್ನು ಭತ್ತದ ನಾಡು ಮಾಡಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. 1971ರ ಆಸುಪಾಸಿನಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಿಂಧನೂರಿನ ಬಳಿ ಕ್ಯಾಂಪು ಹಾಕಿಕೊಟ್ಟರು. ಜೋಳದ ನಾಡಿನಲ್ಲಿ ಸೋನಾ ಮಸೂರಿ, ಜೊತೆಗೆ ಮೀನು ಸಾರು. ಕಾಲುವೆಯ ನೀರಿಗೆ ಸೋಮವಾರ ಗೊತ್ತಿಲ್ಲ. ಅದಕ್ಕಿರುವುದು ವಾರಾಬಂದಿ. ಅಲ್ಲೂ ವಾರವೇ, ಅಲ್ಲೂ ಪಾಳಿಯೇ! ನಿನ್ನ ಪಾಳಿ ಸೋಮವಾರ ನಡುರಾತ್ರಿ ಬಂದರೆ ಸೋಮವಾರ ನಡುರಾತ್ರಿಯೇ ಗುದ್ದಲಿ ಹಿಡಿದು ಹೋಗಬೇಕು. ಕೊನೆ ಭಾಗದ ರೈತರಿಗಂತೂ ಪಾಳಿ ಇದ್ದರೂ ನೀರಿರುವುದಿಲ್ಲ. ಅವರ ಮನೆಯಲ್ಲಿ ಅಡುಗೆಯ ಮಾತಿಗಿಂತ ಮೊದಲು ಕಾಲುವೆಯ ಗೇಜಿನ ಮಾತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಕೊಂಡು ಹೋದಾಗ ನಮ್ಮ ಏಳು ಜನರ ಹರಟೆಯಲ್ಲಿ ವಾರವಿಡೀ ಬೇರೆ ಮಾತೇ ಇರಲಿಲ್ಲ, ಕೋಳಿಯೂ ಇಲ್ಲ ಕೌದಿಯೂ ಇಲ್ಲ.

ನೀರಿನ ಹಿಂದೆ ಟ್ರ್ಯಾಕ್ಟರು ಬಂತು. ಅದನ್ನು ಯಾರೂ ಬಸವಣ್ಣ ಅನ್ನಲಿಲ್ಲ, ಆಯುಧಪೂಜೆಗೆ ನಿಂಬೆಹಣ್ಣು ಕೊಟ್ಟು ಮುಗಿಸಿದರು. ಬಾಡಿಗೆ ಟ್ರ್ಯಾಕ್ಟರಿನವನಿಗೆ ಯಾವ ಬಿಡುವೂ ಇಲ್ಲ. ಸುಗ್ಗಿಯಲ್ಲಿ ಹಾಡು ಹಚ್ಚಿಕೊಂಡು ರಾತ್ರಿಯೆಲ್ಲ ಹೊಡೆಯುತ್ತಾನೆ. ಕುಲುಮೆ ಆರಿತು. ಇಷ್ಟಾದರೂ ಊರಿನ ನನ್ನ ಗೆಳೆಯ ಸೋಮವಾರ ಬಿಡುತ್ತಾನೆ. ಅವನ ಕೊಟ್ಟಿಗೆಯ ಎತ್ತು ಮಾರಿ ಎಂಟು ವರ್ಷವಾಯಿತು.

ಮೊನ್ನೆ ಮನೆಯಲ್ಲಿ ಜೋಳದ ಹಿಟ್ಟು ತೀರಿತ್ತು. ಪ್ಯಾಕೆಟ್ ಹಿಟ್ಟಿನಲ್ಲಿ ರೊಟ್ಟಿ ಏಳುವುದಿಲ್ಲ ಎಂದು ನಮ್ಮಾಕೆಯ ದೂರು. ಊರ ಗಿರಣಿಯಲ್ಲೇ ಬೀಸಬೇಕು. ಹೇಗೂ ಹೋಗುವುದಿತ್ತು, ಬರುವ ಸೋಮವಾರ ಕಾಳು ತರುತ್ತೇನೆಂದು ಗಿರಣಿಯ ಹುಡುಗನಿಗೆ ಫೋನು ಮಾಡಿದೆ. ಅವನಿಗೆ ಇಪ್ಪತ್ತೈದರ ಮೇಲಿಲ್ಲ, ಹೊಲವಿಲ್ಲ, ಹೂಡಿದ ಎತ್ತನ್ನು ಮುಟ್ಟಿ ನೋಡಿದವನೂ ಅಲ್ಲ.

"ಸ್ವಾಮಾರ ಬರಬ್ಯಾಡ್ರಿ ಸರ್" ಅಂದ. "ಗಿರಣಿ ಬಂದ್ ಇರ್ತದ."

"ಯಾಕಪಾ, ಕರೆಂಟ್ ಇರಲ್ಲೇನು?"

"ಕರೆಂಟ್ ಇರ್ತದ್ರಿ. ಸ್ವಾಮಾರ ನಾವು ಕಲ್ಲು ತಿರುಗಸಂಗಿಲ್ಲ."

ಐತ್ವಾರವೇ ಹೋದೆ. ಗಿರಣಿಯ ಮುಂದೆ ಡಬ್ಬಿ ಹಿಡಿದು ಪಾಳಿಯಲ್ಲಿ ಹನ್ನೊಂದು ಮಂದಿ ಹೆಂಗಸರು ನಿಂತಿದ್ದರು, ನಾನು ಹನ್ನೆರಡನೆಯವ.